ಅಂಜಿನಪ್ಪನವರ ಹೊಲದ ಈಗಿನ ಬೆಳೆ

ಮುತ್ತುಗದಹಳ್ಳಿಯ ಅಂಜಿನಪ್ಪನವರಿಗೆ ಸುಳ್ಳು ಹೇಳುವ ಚಟವಿರಲಿಲ್ಲ. ಆದರೆ ಯಾರಾದರೂ ಏನಾದರೂ ಕೇಳಿದರೆ ‘ಗೊತ್ತಿಲ್ಲ’ ಅನ್ನುವ ಅಭ್ಯಾಸವೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಬರುತ್ತದೆಂದು ಕೇಳಿದವರನ್ನಾಗಲಿ, ಮೊಣಕಾಲು ನೋವಿಗೆ ಏನು ಹಚ್ಚಬೇಕೆಂದು ಕೇಳಿದವರನ್ನಾಗಲಿ ಅವರು ಬರಿಗೈಯಲ್ಲಿ ಕಳಿಸಿದವರಲ್ಲ. ಉತ್ತರ ತಪ್ಪಿರಬಹುದು, ಅದು ಬೇರೆ ವಿಚಾರ.

ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ ಹಿಗ್ಗುತ್ತ ಹಿಗ್ಗುತ್ತ ಊರಿನ ಬೆನ್ನಿಗೇ ಬಂದು ನಿಂತಾಗ ಅಂಜಿನಪ್ಪನವರ ರಾಗಿ ಹೊಲ ಒಂದು ಕಾರ್ಖಾನೆಯ ಕಾಂಪೌಂಡಿನೊಳಗೆ ಸೇರಿಹೋಯಿತು. ಬಂದ ಪರಿಹಾರದಲ್ಲಿ ಅವರು ಮನೆಯ ಮೇಲೆ ಮನೆ ಎಬ್ಬಿಸಿ, ಶಿಫ್ಟಿಗೆ ಹೋಗುವವರಿಗೆ ರೂಮುಗಳನ್ನು ಬಾಡಿಗೆಗೆ ಕೊಟ್ಟರು. ಬೆಳಿಗ್ಗೆ ನೀರಿನ ಮೋಟರು ಹಾಕುವುದು, ಬಾಡಿಗೆದಾರರ ಬಕೆಟ್ಟುಗಳು ತುಂಬುವ ಮೊದಲೇ ಅದನ್ನು ಆರಿಸುವುದು, ಆಮೇಲೆ ಬೆರಳಿನಲ್ಲಿ ಕೆಂಪು ಹರಳಿನ ದಪ್ಪ ಉಂಗುರ ಹೊಳೆಸುತ್ತ ಮುನಿಯಣ್ಣನ ಟೀ ಅಂಗಡಿಗೆ ಹೋಗುವುದು, ಇದಿಷ್ಟು ಅವರ ಉದ್ಯೋಗ. ಐವತ್ತಾರು ವರ್ಷದ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಜವಾಬ್ದಾರಿ ಯಾಕೆ ಬೇಕು?

ಒಂದೇ ಒಂದು ತೊಂದರೆ ಇತ್ತು. ಆ ಕಾರ್ಖಾನೆಯಲ್ಲಿ ಏನು ತಯಾರಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಇಂಗ್ಲಿಷಿನ ಮೂರು ಅಕ್ಷರ, ಅದರ ಮುಂದೆ ‘ಪ್ರಿಸಿಷನ್’ ಎಂದು ಬರೆದಿತ್ತು. ಆಳೆತ್ತರ ಮೀರಿದ ಗೋಡೆ, ಅದರ ಮೇಲೆ ಮುಳ್ಳುತಂತಿ. ಗೇಟಿನಲ್ಲಿ ಕೂತ ಸೆಕ್ಯುರಿಟಿಯವನು ಒರಿಸ್ಸಾದವನು. ಇದು ಯಾರ ಹೊಲ ಎಂಬ ಇತಿಹಾಸದಲ್ಲಿ ಅವನಿಗೆ ಎಳ್ಳಷ್ಟೂ ಆಸಕ್ತಿ ಇರಲಿಲ್ಲ.

ಆಸಕ್ತಿ ಇದ್ದದ್ದು ಅಂಜಿನಪ್ಪನವರ ತಾಯಿ ಪಿಳ್ಳಮ್ಮನಿಗೆ. “ನಮ್ಮೊಲ್ದಾಗೆ ಈಗೇನ್ಲಾ ಬೆಳೀತಾವ್ರೆ?” ಎಂದು ಮುದುಕಿ ಮೊದಲ ಸಲ ಕೇಳಿದಾಗ ಮಗ ಗಡಿಯಾರ ಅಂದಿದ್ದರು. ಒಂದೆರಡು ವರ್ಷ ಬಿಟ್ಟು ಕೇಳಿದಾಗ ಅದು ಕಾರಿನ ಗೇರಾಗಿತ್ತು. ಆಮೇಲೊಂದು ದಿನ ಟೀವಿಯಲ್ಲಿ ರಾಕೆಟ್ಟು ಹಾರುವುದನ್ನು ತೋರಿಸುತ್ತಿದ್ದಾಗ, ಅದರೊಳಗಿನ ಮುಖ್ಯವಾದ ಭಾಗ ನಮ್ಮ ಹೊಲದಲ್ಲೇ ಆಗಿದ್ದು ಎಂದು ಟೀ ಅಂಗಡಿಯಲ್ಲಿ ಬಾಯಿಬಿಟ್ಟರು. ನೀನು ನೋಡಿದ್ದೀಯಾ ಎಂದು ಮುನಿಯಣ್ಣ ಕೇಳಿದ. “ನೋಡೋದೇನು, ಡೌಟ್ ಬಂದಾಗೆಲ್ಲ ಇಂಜಿನಿಯರ್ಗಳು ನನ್ನೇ ಕರೆಸೋದು” ಎಂದರು. ಅಲ್ಲಿಗೆ ವಾಪಸು ಬರುವ ದಾರಿ ಮುಚ್ಚಿಹೋಯಿತು.

ಹೀಗಿರುವಾಗ ಪಿಳ್ಳಮ್ಮನ ಕಣ್ಣಿನ ಪೊರೆ ತೆಗೆಸಿದರು. ಮಂಜು ಹರಿದದ್ದೇ ತಡ, ಮುದುಕಿ ಟೆರೇಸಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕಾರ್ಖಾನೆಯನ್ನೇ ನೋಡುತ್ತ ಕೂರತೊಡಗಿದಳು. ಲಾರಿ ಬರುತ್ತದೆ, ಸಣ್ಣ ಸಣ್ಣ ರಟ್ಟಿನ ಪೆಟ್ಟಿಗೆ ತುಂಬಿಕೊಂಡು ಹೋಗುತ್ತದೆ. ಪೆಟ್ಟಿಗೆಯಲ್ಲಿ ಏನಿದೆ?

“ರಾಕೀಟು ಅಷ್ಟು ಸಣ್ಣ ಪೆಟ್ಟಿಗೇಲಿ ಇಡಿಸ್ತದೇನ್ಲಾ?” ಎಂದಳು. “ನೀನು ಇದ್ವರ್ಗೂ ಮೂರು ತರ ಏಳಿದ್ದೀಯ. ನಿನ್ನ ಸುಳ್ಳು ಇದ್ದಿದ್ದೇ ಬುಡು. ನಾನು ಓಗೋದ್ರೊಳ್ಗೆ ಒಂದ್ಸಲ ಒಳಿಕ್ಕೋಗಿ ನೋಡ್ಕೊಂಡ್ ಬಂದು ನಿಜ ಏಳು. ಆ ಒಲ್ದಾಗೆ ಕಳೆ ಕಿತ್ತವಳು ನಾನು.”

ಅಂಜಿನಪ್ಪನವರಿಗೆ ಅಂದು ಊಟ ರುಚಿಸಲಿಲ್ಲ. ತಾಯಿ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದರು. ಮುದುಕಿ ಬೈಯದೆ ಕೇಳಿಕೊಂಡಿದ್ದಳು.

ಮೊದಲು ಹಿಡಿದದ್ದು ಚನಬಸಪ್ಪನನ್ನು. ಬಾಗಲಕೋಟೆ ಕಡೆಯವನು, ಮೂರನೇ ಮಹಡಿಯ ಬಾಡಿಗೆದಾರ, ಅದೇ ಕಾರ್ಖಾನೆಯಲ್ಲಿ ಸೂಪರ್‌ವೈಸರು. ಅಂಜಿನಪ್ಪ ಎಂದೂ ಇಲ್ಲದ ಪ್ರೀತಿಯಿಂದ ಅವನ ಹೆಗಲ ಮೇಲೆ ಕೈಹಾಕಿ, ಒಳಗೆ ಏನು ಮಾಡ್ತೀರಪ್ಪ ಎಂದು ಕೇಳಿದರು.

“ಅದನ್ನ ಹೊರಗ ಹೇಳಾಕ ಬರೂದಿಲ್ರಿ ಓನರ. ಕೆಲಸಕ್ಕ ಸೇರುವಾಗ ಸಹಿ ಮಾಡಿಸ್ಕೊಂಡಾರ.” ಚನಬಸಪ್ಪ ಮೆಟ್ಟಿಲು ಹತ್ತುತ್ತ ಸೇರಿಸಿದ: “ಮುಂಜಾನಿ ಇನ್ನೊಂದೀಟು ನೀರ ಬಿಟ್ರ ನೆನಪಾದೀತು, ಹೇಳಾಕ ಬರೂದಿಲ್ಲ.”

ನೀರಿನ ವಿಷಯದಲ್ಲಿ ಅಂಜಿನಪ್ಪನವರದು ಕಟ್ಟುನಿಟ್ಟು. ಆ ದಾರಿ ಅಲ್ಲಿಗೇ ಮುಗಿಯಿತು.

ಹೊಸ ದಾರಿ ಕಂಡದ್ದು ಚಂದಾಪುರದ ಸರ್ಕಲ್ಲಿನಲ್ಲಿ, ಒಂದು ಫ್ಲೆಕ್ಸಿನ ಮೇಲೆ. ಅದೇ ಕಾರ್ಖಾನೆಯವರು ನಡೆಸುವ ಉಚಿತ ತರಬೇತಿ: ಕ್ವಾಲಿಟಿ ಇನ್‌ಸ್ಪೆಕ್ಟರ್ ಕೋರ್ಸು, ಎಸ್ಸೆಸ್ಸೆಲ್ಸಿ ಪಾಸು ಅಥವಾ ಫೇಲು, ಕೊನೆಯಲ್ಲಿ ಕಾರ್ಖಾನೆಯೊಳಗೆ ಪ್ರಾಕ್ಟಿಕಲ್. ಅಂಜಿನಪ್ಪ ‘ಕಾರ್ಖಾನೆಯೊಳಗೆ’ ಎಂಬ ಪದವನ್ನು ಎರಡೆರಡು ಸಲ ಓದಿದರು. ವಯಸ್ಸಿನ ಮಿತಿ ಎಲ್ಲೂ ಇರಲಿಲ್ಲ. ಆ ಸಾಲು ಮೂಲದಲ್ಲಿ ಇತ್ತು; ಹೆಲ್ಮೆಟ್ಟು ಹಾಕಿಕೊಂಡು ನಗುವ ಹುಡುಗಿಯ ಫೋಟೋಗೆ ಜಾಗ ಸಾಲಲಿಲ್ಲವೆಂದು ಫ್ಲೆಕ್ಸ್ ಅಂಗಡಿಯವನು ಆ ಸಾಲನ್ನೇ ಕತ್ತರಿಸಿ ಹಾಕಿದ್ದ.

ಚಂದಾಪುರದಲ್ಲೇ ಇದ್ದ ತರಬೇತಿ ಕೇಂದ್ರದ ದಿವ್ಯಾ ಮೇಡಂ ನಯವಾಗಿ ಕೇಳಿದರು: “ಯಾರನ್ನ ಸೇರಿಸ್ಬೇಕು ಸಾರ್, ಮಗನಾ?”

“ನನ್ನೇ.”

“ಸಾರ್, ಇದು ಕೆಲಸಕ್ಕೆ ಹೋಗೋರಿಗೆ.”

“ನಾನೇನು ಸುಮ್ನೆ ಕೂತಿರೋನ ತರ ಕಾಣ್ತೀನಾ? ಎಸ್ಸೆಸ್ಸೆಲ್ಸಿ ಫೇಲು, ಬೇಕಾದ್ರೆ ಮಾರ್ಕ್ಸ್ ಕಾರ್ಡ್ ತೋರಿಸ್ತೀನಿ. ನಿಮ್ಮ ಫ್ಲೆಕ್ಸಲ್ಲಿ ವಯಸ್ಸು ಬರೆದಿಲ್ಲ.”

ದಿವ್ಯಾ ಮೇಡಂ ಹೆಡ್ಡಾಫೀಸಿಗೆ ಫೋನು ಮಾಡಿದರು. ಬ್ಯಾಚಿನಲ್ಲಿ ಒಂದು ಸೀಟು ಖಾಲಿ ಇತ್ತು, ಖಾಲಿ ಸೀಟು ತೋರಿಸಿದರೆ ಮೇಲಿನವರು ಬೈಯುತ್ತಾರೆ. ಹೀಗೆ ಅಂಜಿನಪ್ಪ ವಿದ್ಯಾರ್ಥಿಯಾದರು. ವಿಷಯ ತಿಳಿದಿದ್ದು ಪಿಳ್ಳಮ್ಮನಿಗೆ ಮಾತ್ರ. ಬೇರೆಯವರಿಗೆ ಹೇಳುವುದು ಹೇಗೆ? ಇಂಜಿನಿಯರುಗಳಿಗೆ ಸಲಹೆ ಕೊಡುವ ಮನುಷ್ಯ ಒಳಗೆ ಏನಿದೆಯೆಂದು ನೋಡಲು ಶಾಲೆಗೆ ಸೇರಿದ ಎಂದರೆ ಮುನಿಯಣ್ಣ ಅದನ್ನು ಟೀ ಜೊತೆ ಬಿಸ್ಕತ್ತಿನಂತೆ ಹಂಚುತ್ತಿದ್ದ.

ಮರುದಿನ ಬೆಳಿಗ್ಗೆ ಓನರ್ ಅಂಜಿನಪ್ಪ ಕೇಂದ್ರದವರು ಕೊಟ್ಟ ನೀಲಿ ಅಂಗಿ ತೊಟ್ಟು, ಕೈಯಲ್ಲಿ ಟಿಫನ್ ಬಾಕ್ಸು ಹಿಡಿದು, ತನ್ನ ಬಾಡಿಗೆದಾರರ ಜೊತೆಯಲ್ಲೇ ಬಸ್ಸಿಗೆ ನಿಂತದ್ದನ್ನು ಊರು ನೋಡಿತು.

“ಏನಣ್ಣ ಇದು?” ಎಂದ ಮುನಿಯಣ್ಣ.

“ಏನಿಲ್ಲ, ಸುಮ್ನೆ ಟೈಂಪಾಸು.”

ಇದಕ್ಕಿಂತ ಕೆಟ್ಟ ಉತ್ತರ ಕೊಡಲು ಸಾಧ್ಯವಿರಲಿಲ್ಲ. ಅಷ್ಟು ರೂಮುಗಳ ಮಾಲೀಕ ಟೈಂಪಾಸಿಗೆಂದು ಕಾರ್ಖಾನೆಯ ಅಂಗಿ ಹಾಕುವುದುಂಟೇ? ಬಸ್ಸು ತಿರುವು ದಾಟುವ ಮೊದಲೇ ಊರು ತೀರ್ಮಾನಕ್ಕೆ ಬಂದಿತ್ತು: ಅಂಜಿನಪ್ಪ ಎದ್ದುಹೋದ. ಚೀಟಿಯಲ್ಲಿ ಎಂದು ಕೆಲವರು, ಯಾರಿಗೋ ಜಾಮೀನು ಬಿದ್ದು ಎಂದು ಕೆಲವರು. ದಿವಾಳಿಯ ಬಗ್ಗೆ ಮಾತ್ರ ಭಿನ್ನಾಭಿಪ್ರಾಯ ಇರಲಿಲ್ಲ.

ಯಾರಿಗಾದರೂ ಅನುಮಾನ ಉಳಿದಿದ್ದರೆ ಅದನ್ನು ಉಂಗುರ ತೀರಿಸಿತು. ಮೆಷಿನ್ನಿನ ಹತ್ತಿರ ಹೋಗುವವರು ಉಂಗುರ, ಕಡಗ, ಸರ ಏನೂ ಹಾಕಬಾರದೆಂದು ದಿವ್ಯಾ ಮೇಡಂ ಪಾಠ ಮಾಡಿದರು. ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ಮದುವೆಯಾದ ವರ್ಷ ಹಾಕಿದ ಉಂಗುರ. ಬೆರಳು ದಪ್ಪವಾಗಿ ಅದು ಮಾಂಸದೊಳಗೇ ಮನೆ ಮಾಡಿತ್ತು. ಸೋಪು ಹಚ್ಚಿ ಎಳೆದರು, ದಾರ ಸುತ್ತಿ ಎಳೆದರು, ಕೊನೆಗೆ ಯಾರೋ ತಂದ ಮೆಷಿನ್ನಿನ ಎಣ್ಣೆಗೆ ಅದು ಸೋತು ಬಂತು. ಕೇಂದ್ರದ ಲಾಕರಿಗೆ ಹಾಕಿ ಬೀಗ ಜಡಿದರು. ಬೋಳು ಬೆರಳಿನಲ್ಲಿ ಬೆಳ್ಳನೆಯ ಗುರುತು ಹೊತ್ತು ಅಂಜಿನಪ್ಪ ಸಂಜೆ ಟೀ ಲೋಟ ಹಿಡಿದಾಗ ಅಂಗಡಿ ಪೂರ್ತಿ ಆ ಬೆರಳನ್ನೇ ನೋಡಿತು.

“ಮನ್ಸಿಗೆ ಅಚ್ಕೋಬೇಡಣ್ಣ” ಎಂದ ಮುನಿಯಣ್ಣ. “ಇನ್ನೊಂದು ಬನ್ನು ತಗೋ.”

ಬನ್ನು ಅವರು ತಗೊಂಡರು. ಹಸಿವಾಗಿತ್ತು.

ಆಮೇಲೆ ಶುರುವಾದದ್ದು ಕರುಣೆಯ ಕಾಲ. ಚನಬಸಪ್ಪನ ಹೆಂಡತಿ ರುಕ್ಮವ್ವ ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮುಚ್ಚಿಕೊಂಡು ಬಂದು, “ನಾಚ್ಕೋಬ್ಯಾಡ್ರಿ ಅಣ್ಣಾರ, ಕಷ್ಟ ಯಾರಿಗೆ ಬರೂದಿಲ್ಲ ಹೇಳ್ರಿ” ಎಂದು ಕಣ್ಣೊರೆಸಿಕೊಂಡಳು. ಕೇಳುವ ಮೊದಲೇ ಬಾಡಿಗೆ ಬಂತು. ನೀರು ಸಾಲದೆಂದು ಯಾರೂ ಕೂಗಲಿಲ್ಲ. ಓನರ್ರೇ ಕಷ್ಟದಲ್ಲಿದ್ದಾರೆ, ಕರೆಂಟು ಬಿಲ್ಲು ಉಳಿಯಲಿ ಎಂದು ಒಂದೇ ಬಕೆಟ್ಟಿನಲ್ಲಿ ಸುಧಾರಿಸಿಕೊಂಡರು. ಇಷ್ಟು ವರ್ಷ ಶ್ರೀಮಂತರಾಗಿ ಇದ್ದುಕೊಂಡು ಎಷ್ಟೆಲ್ಲ ಕಳೆದುಕೊಂಡೆವಲ್ಲ ಎಂದು ಅಂಜಿನಪ್ಪನವರಿಗೆ ಅನ್ನಿಸಿತು. ಮಾರನೆಯ ದಿನದಿಂದ, ಯಾಕೆಂದು ತಮಗೇ ತಿಳಿಯದೆ, ಮೋಟರನ್ನು ಸ್ವಲ್ಪ ಹೆಚ್ಚು ಹೊತ್ತು ಬಿಟ್ಟರು. ಪಾಪ, ಬುದ್ಧಿಯೂ ಸ್ಥಿಮಿತದಲ್ಲಿಲ್ಲ ಎಂದು ಬಾಡಿಗೆದಾರರು ಮರುಗಿದರು.

ಹೆಂಡತಿ ಭಾಗ್ಯಮ್ಮ ಮಾತ್ರ ರೊಟ್ಟಿಗೆ ಕರಗುವವಳಲ್ಲ. ತನ್ನ ಒಡವೆಗಳನ್ನು ಅಕ್ಕಿ ಡಬ್ಬಿಯ ತಳಕ್ಕೆ ಸೇರಿಸಿ ಬಂದು ಕೇಳಿದಳು: “ಯಾರಿಗಾದ್ರೂ ಜಾಮೀನು ಗೀಮೀನು ಆಕಿದ್ದೀರಾ?”

“ಇಲ್ಲ ಕಣೇ.”

“ಉಂಗ್ರ ಎಲ್ಲಿ?”

“ಲಾಕರಲ್ಲಿದೆ.”

ಲಾಕರು ಎಂದರೆ ಬ್ಯಾಂಕು, ಬ್ಯಾಂಕು ಎಂದರೆ ಅಡವು. ಭಾಗ್ಯಮ್ಮ ಅತ್ತಿಬೆಲೆ ಕಡೆಯಲ್ಲಿದ್ದ ಅಣ್ಣ ಯಂಕಪ್ಪನಿಗೆ ಫೋನು ಮಾಡಿ ಅತ್ತಳು. ಯಂಕಪ್ಪ ಒಂದು ಮೂಟೆ ರಾಗಿ ಹೊರಿಸಿಕೊಂಡು ಬಂದು, ಬಾವನ ಎದುರು ಕೂತು ಬಹಳ ಹೊತ್ತು ಮಾತಾಡದೆ ಗೋಡೆ ನೋಡಿದ. ಸಾವಿನ ಮನೆಯಲ್ಲಿ ಕೂರುವ ಕ್ರಮ ಅದು.

“ಬಾವ, ಗಂಡಸರಿಗೆ ಏಳೋದು ಬೀಳೋದು ಇದ್ದಿದ್ದೇ” ಎಂದ ಕೊನೆಗೆ. “ನಾನಿದ್ದೀನಿ.”

“ನಂಗೇನಾಗಿದೆ ಅಂತ ಯಂಕಪ್ಪ?”

“ಎಂತ ಧೈರ್ಯ ನೋಡು” ಎಂದು ಯಂಕಪ್ಪ ತಂಗಿಯ ಕಡೆ ತಿರುಗಿದ. ಒಳಗೆ ಮಂಚದ ಮೇಲೆ ಪಿಳ್ಳಮ್ಮ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಮುದುಕಿ ಅಳುತ್ತಿದ್ದಾಳೆಂದು ಎಲ್ಲರೂ ತಿಳಿದರು.

ಇತ್ತ ತರಬೇತಿ ಸಾಗಿತು. ಜೊತೆಯ ಹುಡುಗ ಹುಡುಗಿಯರು ಅವರನ್ನು ಮೊದಲು ಅಂಕಲ್ ಎಂದರು, ಆಮೇಲೆ ಗುರು ಎಂದರು. ಅಂಜಿನಪ್ಪ ಕೂದಲೆಳೆಯ ದಪ್ಪ ಅಳೆಯಲು ಕಲಿತರು. ಮನೆಗೆ ಬಂದು ಚಪಾತಿಯ ದಪ್ಪ ಎಲ್ಲ ಕಡೆಗೂ ಒಂದೇ ಇಲ್ಲವೆಂದು ಭಾಗ್ಯಮ್ಮನಿಗೆ ತಿಳಿಸಿ, ಎರಡು ದಿನ ಮುದ್ದೆ ತಿಂದರು. ತರಗತಿಯಲ್ಲಿ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಒಳಗೆ ಏನು ತಯಾರಾಗುತ್ತೆ ಮೇಡಂ?” ದಿವ್ಯಾ ಮೇಡಂ ಪ್ರತಿ ಸಲವೂ, “ಅದು ಪ್ರಾಕ್ಟಿಕಲ್‌ನಲ್ಲಿ ಬರುತ್ತೆ ಸಾರ್” ಎನ್ನುತ್ತಿದ್ದರು.

ಪ್ರಾಕ್ಟಿಕಲ್ ಬಂತು. ಸೆಕ್ಯುರಿಟಿಯವನು ಗೇಟು ತೆಗೆದು ನಿಂತ. ಅಂಜಿನಪ್ಪ ಬಲಗಾಲಿಟ್ಟು ಒಳಗೆ ಹೋದರು. ಇಷ್ಟು ವರ್ಷ ಹೊರಗಿನಿಂದ ನೋಡಿದ್ದ ಗೋಡೆಯ ಒಳಮೈ ಕಂಡಿತು. ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ದೊಡ್ಡ ಶೆಡ್ಡು, ಸಾಲು ಮೆಷಿನ್ನು, ಹಾಲಿನಂಥ ಎಣ್ಣೆನೀರು ಚಿಮ್ಮುವ ಗಾಜಿನ ಬಾಗಿಲುಗಳು. ಸಾಲಿನ ತುದಿಯಲ್ಲಿ ಚನಬಸಪ್ಪ ನಿಂತಿದ್ದ. ಮೂರನೇ ಮಹಡಿಯ ಬಾಡಿಗೆದಾರನಾಗಿ ಅಲ್ಲ, ಲೈನಿನ ಸೂಪರ್‌ವೈಸರ್ ಆಗಿ.

“ಟ್ರೇನಿ, ಉಗುರ ತೋರಸ್ರಿ.”

ಓನರ್ ಅಂಜಿನಪ್ಪ ಎರಡೂ ಕೈ ಚಾಚಿದರು.

“ಭಾಳ ಉದ್ದ ಅದಾವ. ಕತ್ತರಿಸ್ಕೊಂಡ ಬರ್ರಿ. ಟಾಯ್ಮಿಗೆ ಸರಿಯಾಗಿ ಬರಬೇಕು. ಇಲ್ಲಿ ಮೋಟರ ನಾವು ಆರಸ್ತೀವಿ.”

ಉಗುರು ಕತ್ತರಿಸಿ ಬಂದ ಮೇಲೆ ಅವರು ಮೆಷಿನ್ನಿನ ಬಾಯಿಗೆ ಕಣ್ಣು ನೆಟ್ಟು ನಿಂತರು. ಬಾಗಿಲು ಸರಿಯಿತು. ಹೊರಗೆ ಬಂದದ್ದು ಒಂದು ಉಕ್ಕಿನ ಬಿಲ್ಲೆ. ಹಳೆಯ ನಾಲ್ಕಾಣೆಯಷ್ಟು ಅಗಲ, ನಡುವೆ ಒಂದು ತೂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಎಲ್ಲ ಮೆಷಿನ್ನಿನಿಂದಲೂ ಅದೇ.

ಆ ಸಂಜೆ ಪಿಳ್ಳಮ್ಮ ಬಾಗಿಲಲ್ಲೇ ಹಿಡಿದಳು. “ನೋಡ್ದೇನ್ಲಾ?”

“ನೋಡ್ದೆ ಕಣಮ್ಮ. ಸಣ್ಣದೊಂದು ಬಿಲ್ಲೆ. ಮಧ್ಯೆ ತೂತು.”

“ಯಾತಕ್ಕೆ ಅದು?”

“ಗೊತ್ತಿಲ್ಲ.”

ತಿಳುವಳಿಕೆ ಬಂದ ಮೇಲೆ ಅಂಜಿನಪ್ಪನವರ ಬಾಯಿಂದ ಆ ಪದ ಬಂದದ್ದು ಅದೇ ಮೊದಲು. ಪಿಳ್ಳಮ್ಮ ಮಗನ ಮುಖವನ್ನು ಹೊಸ ಕಣ್ಣಿನಲ್ಲಿ ಹುಡುಕಿ ನೋಡಿದಳು.

“ಗಡಿಯಾರ ಅಂದಾಗ ನಂಬ್ದೆ. ಕಾರು ಅಂದಾಗ್ಲೂ ನಂಬ್ದೆ. ಇದ್ನ ಮಾತ್ರ ನಂಬಾಕಿಲ್ಲ. ತೂತಿನ ಬಿಲ್ಲೆ ಮಾಡಾಕೆ ಅಷ್ಟೆತ್ರದ ಗೋಡೆ ಯಾಕ್ಲಾ ಬೇಕು?” ಎಂದು ಹೇಳಿ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು.

ಅಂಜಿನಪ್ಪನವರಿಗೆ ಇದು ಸಹಿಸಲಾಗಲಿಲ್ಲ. ಒಂದು ಬಿಲ್ಲೆ ತಂದು ತೋರಿಸೋಣವೆಂದರೆ ಗೇಟಿನಲ್ಲಿ ಜೇಬೆಲ್ಲ ತಡಕುತ್ತಾರೆ. ದಿವ್ಯಾ ಮೇಡಂ ಹತ್ತಿರ ಕಷ್ಟ ತೋಡಿಕೊಂಡಾಗ ಅವರು ಹೇಳಿದರು: “ಕೊನೇ ವಾರ ಪೇರೆಂಟ್ಸ್ ಡೇ ಇರುತ್ತಲ್ಲ ಸಾರ್. ಎಲ್ಲ ಟ್ರೇನಿಗಳ ತಂದೆ ತಾಯೀನ ಒಳಗೆ ಬಿಡ್ತೀವಿ. ನಿಮ್ಮ ಪೇರೆಂಟ್ಸು...” ಎಂದವರು ಅಲ್ಲಿಗೇ ನಿಲ್ಲಿಸಿ, ಏನು ಕೇಳಬೇಕೆಂದು ತಿಳಿಯದೆ ಪೆನ್ನಿನ ಮುಚ್ಚಳ ತಿರುವಿದರು.

“ಅವ್ರೆ ಮೇಡಂ, ನಮ್ಮಮ್ಮ ಗಟ್ಟಿಮುಟ್ಟಾಗಿ ಅವ್ರೆ” ಎಂದರು ಅಂಜಿನಪ್ಪ. 

ಪೇರೆಂಟ್ಸ್ ಡೇ ದಿನ ಪಿಳ್ಳಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಕೈ ಹಿಡಿದು ನಡೆಸಿಕೊಂಡು ಬರುವ ನೆಪದಲ್ಲಿ ಯಂಕಪ್ಪನೂ ಬಂದ. ಅವನ ಮನಸ್ಸಿನಲ್ಲಿ ಬೇರೆ ಕಾರ್ಯಕ್ರಮವಿತ್ತು. ಉಳಿದ ಟ್ರೇನಿಗಳ ಅಪ್ಪ ಅಮ್ಮಂದಿರೆಲ್ಲ ಅಂಜಿನಪ್ಪನವರಿಗಿಂತ ಚಿಕ್ಕವರು. ಅವರು ಎದ್ದುನಿಂತು ಮುದುಕಿಗೆ ಕುರ್ಚಿ ಬಿಟ್ಟುಕೊಟ್ಟರು. ಪಿಳ್ಳಮ್ಮ ಕೂರದೆ ಶೆಡ್ಡಿನ ನುಣುಪು ನೆಲವನ್ನು ಕಾಲಿನಿಂದ ಸವರಿ ನೋಡಿದಳು.

ಸೂಪರ್‌ವೈಸರ್ ಪ್ರತಿಯೊಬ್ಬರ ಬಗ್ಗೆ ಮನೆಯವರಿಗೆ ಎರಡು ಮಾತು ಹೇಳಬೇಕೆಂಬುದು ಕ್ರಮ. ಚನಬಸಪ್ಪ ಗಂಟಲು ಸರಿಮಾಡಿಕೊಂಡ. “ಆಯಿ, ನಿಮ್ಮ ಮಗಾ ಕೆಲಸ ಚಲೋ ಮಾಡ್ತಾರ್ರಿ. ಕಣ್ಣು ಚುರುಕದಾವ. ಆದ್ರ ಮಾತು ಭಾಳ. ಮಗ್ಗಲದವ್ರನ್ನೂ ಮಾತಿಗೆಳೀತಾರ.”

“ಚಿಕ್ಕೋನಿದ್ದಾಗಿಂದ್ಲೂ ಅಂಗೇ ಕಣಪ್ಪ” ಎಂದಳು ಪಿಳ್ಳಮ್ಮ. “ಎರಡೇಟು ಆಕೋದಲ್ವಾ?”

ಚನಬಸಪ್ಪನ ಮುಖದಲ್ಲಿ, ಅನುಮತಿ ಮೊದಲೇ ಸಿಕ್ಕಿದ್ದರೆ ಎಂಬ ವ್ಯಥೆ ಹಾದುಹೋಯಿತು.

ಅಷ್ಟರಲ್ಲಿ ಮ್ಯಾನೇಜರು ಬಂದರು. ಯಂಕಪ್ಪ ಅದಕ್ಕೇ ಕಾಯುತ್ತಿದ್ದವನು ನುಗ್ಗಿ ಅವರ ಎರಡೂ ಕೈ ಹಿಡಿದುಕೊಂಡ. “ಸಾರ್, ನಮ್ ಬಾವನ್ನ ಕೈಬಿಡ್ಬೇಡಿ. ಬಾಳಿ ಬದುಕಿದ ಮನೆ. ಈಗ ಕೈಲಿದ್ದ ಉಂಗ್ರಾನೂ ಮಾರ್ಕೊಂಡವ್ರೆ. ಪರ್ಮನೆಂಟ್ ಮಾಡಿ ಸಾರ್.”

“ಉಂಗುರ ನಮ್ಮ ಲಾಕರಲ್ಲಿದೆಯಲ್ಲ” ಎಂದರು ದಿವ್ಯಾ ಮೇಡಂ.

“ಮಾರಿಲ್ಲಾ?” ರುಕ್ಮವ್ವನ ರೊಟ್ಟಿಗಳನ್ನು ನೆನೆದು ಚನಬಸಪ್ಪನ ಹುಬ್ಬು ಮೇಲೇರಿತು. “ಮತ್ತ ನೀವು ಎದ್ದು ಹೋಗಿಲ್ಲೇನ್ರಿ ಓನರ?”

“ಕಷ್ಟ ಇಲ್ಲ ಅಂದ್ರೆ ಇಲ್ಲಿಗ್ಯಾಕೆ ಸೇರಿದ್ರಿ?” ಎಂದು ಮ್ಯಾನೇಜರು ಕೇಳಿದರು.

ಅಂಜಿನಪ್ಪನವರ ನಾಲಿಗೆಯ ತುದಿಗೆ ನಾಲ್ಕಾರು ಉತ್ತರಗಳು ಬಂದು ಸಾಲು ನಿಂತವು. ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಆದರೆ ಎದುರಿಗೆ ತಾಯಿ ನಿಂತಿದ್ದಳು.

“ಇದು ನಮ್ಮ ಹೊಲ ಸಾರ್” ಎಂದರು. “ಇಲ್ಲಿ ಏನ್ ಮಾಡ್ತಾರೆ ಅಂತ ನಮ್ಮಮ್ಮ ಕೇಳ್ತಾನೇ ಇದ್ರು. ನಂಗೆ ಗೊತ್ತಿರ್ಲಿಲ್ಲ. ಬಾಯಿಗ್ ಬಂದಂಗೆ ಹೇಳ್ಕೊಂಡ್ ತಿರುಗ್ದೆ. ಅದಕ್ಕೇ ನೋಡ್ಕೊಂಡ್ ಹೋಗೋಣ ಅಂತ ಸೇರ್ದೆ.”

“ರಾಕೆಟ್ಟು?” ಎಂದ ಯಂಕಪ್ಪ.

“ಇಲ್ಲ.”

“ಇಂಜಿನಿಯರ್ಗೊಳು ನಿನ್ನ ಕರ್ಸಿ ಕೇಳೋದು?”

“ಅದೂ ಇಲ್ಲ.”

ಯಂಕಪ್ಪ ಅಲ್ಲಿದ್ದ ಕುರ್ಚಿಯ ಮೇಲೆ ಕುಸಿದ. ಬಾವನ ರಾಕೆಟ್ಟನ್ನು ಅವನು ಅತ್ತಿಬೆಲೆಯಲ್ಲಿ ಎಷ್ಟು ಜನಕ್ಕೆ ಹೇಳಿದ್ದನೋ ಅವನಿಗೇ ಲೆಕ್ಕವಿರಲಿಲ್ಲ.

ಪಿಳ್ಳಮ್ಮ ಮೆಷಿನ್ನಿನ ಬಾಯಿಂದ ಆಗಷ್ಟೇ ಬಂದ ಒಂದು ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಮ್ಯಾನೇಜರ ಕಡೆ ತಿರುಗಿದಳು. “ಅಂಗಾರೆ ನೀನೇ ಏಳಪ್ಪ. ಇದು ಯಾತಕ್ಕೆ?”

“ಅದು ಅಜ್ಜಿ...” ಮ್ಯಾನೇಜರು ಟೈ ಸರಿಮಾಡಿಕೊಂಡರು. “ಜರ್ಮನಿಯವರು ಡ್ರಾಯಿಂಗ್ ಕಳಿಸ್ತಾರೆ. ನಾವು ಅದರ ಪ್ರಕಾರ ಮಾಡಿ ಕಳಿಸ್ತೀವಿ. ಅವರು ಯಾವುದಕ್ಕೆ ಹಾಕ್ತಾರೆ ಅಂತ ನಮಗೆ ಹೇಳಲ್ಲ.”

“ಯಾವತ್ತೂ ಕೇಳ್ಲಿಲ್ವಾ?”

ಮ್ಯಾನೇಜರು ಸೂಪರ್‌ವೈಸರ್ ಕಡೆ ತಿರುಗಿದರು. ಆಮೇಲೆ ಚನಬಸಪ್ಪ ಮೆಲ್ಲಗೆ, “ನಾ ಅಂತೂ ಇದು ಹಲ್ಲಿನ ಡಾಕ್ಟರ ಕುರ್ಚಿದು ಅನ್ಕೊಂಡೇನ್ರಿ” ಎಂದ. ಅಲ್ಲ, ವಿಮಾನದ ಕಿಟಕಿಗೆ ಎಂದರು ದಿವ್ಯಾ ಮೇಡಂ. ಬಟ್ಟೆ ಒಗೆಯುವ ಮೆಷಿನ್ನು ಎಂದ ಒಬ್ಬ ಆಪರೇಟರು. ಕಾಫಿ ಮೆಷಿನ್ನು ಎಂದು ಇನ್ನೊಬ್ಬಳು ವಾದಕ್ಕೆ ನಿಂತಳು. ಸಹಿ ಮಾಡಿದ್ದನ್ನು ಮರೆತು ಎಲ್ಲರೂ ಪಿಳ್ಳಮ್ಮನ ಸುತ್ತ ಸೇರಿದರು.

“ನನಗೆ ಲಿಫ್ಟ್ ಇರಬಹುದು ಅನ್ಸುತ್ತೆ” ಎಂದು ಮ್ಯಾನೇಜರೂ ನಾಚಿಕೊಂಡು ಹೇಳಿದರು.

ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ತನ್ನ ಮಗನಂಥವರು ಲೋಕದಲ್ಲಿ ಇಷ್ಟೊಂದು ಜನ ಇದ್ದಾರೆಂದು ಅವಳಿಗೆ ತಿಳಿದಿರಲಿಲ್ಲ. “ಯಾತಕ್ಕೋ ಆಗ್ಲಿ” ಎಂದಳು. “ಇದು ಕಾಳೋ ಜೊಳ್ಳೋ, ಅದಾದ್ರೂ ಯಾರ್ಗಾರ ಗೊತ್ತಾ?”

“ಅದು ನಂಗೊತ್ತು ಕಣಮ್ಮ” ಎಂದರು ಅಂಜಿನಪ್ಪ.

ತಾಯಿಯನ್ನು ತಮ್ಮ ಬೆಂಚಿನ ಹತ್ತಿರ ಕರೆದುಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದರು. ಪೆನ್ನಿನಷ್ಟುದ್ದದ ಒಂದು ಉಕ್ಕಿನ ಗೇಜು ತೆಗೆದರು. “ನೋಡಮ್ಮ, ಇದಕ್ಕೆ ಎರಡು ತುದಿ. ಹಸಿರು ತುದಿ ತೂತಲ್ಲಿ ಹೋಗ್ಬೇಕು. ಕೆಂಪು ತುದಿ ಹೋಗ್ಬಾರ್ದು. ಆವಾಗ ಗಟ್ಟಿಕಾಳು.”

“ಎರಡೂ ನುಗ್ಗಿದ್ರೆ?”

“ಜೊಳ್ಳು. ತೆಗೆದು ಕೆಂಪು ಡಬ್ಬಿಗೆ.”

“ಎರಡೂ ನುಗ್ದಿದ್ರೆ?”

“ಇನ್ನೂ ಬಲಿತಿಲ್ಲ ಅಂತ. ವಾಪಸ್ ಮೆಷಿನ್ಗೆ.”

ಪಿಳ್ಳಮ್ಮ ಗೇಜನ್ನು ಕಿತ್ತುಕೊಂಡು ತಾನೇ ತೂರಿಸಿ ನೋಡಿದಳು. ಹಸಿರು ಹೋಯಿತು. ಕೆಂಪು ನಿಂತಿತು. ಮಗ ಹೇಳಿದಂತೆಯೇ ಆಯಿತು. ಇನ್ನೊಂದು ಬಿಲ್ಲೆ ತಗೊಂಡಳು; ಅದೂ ಹಾಗೇ. ಮುದುಕಿ ತಲೆಯೆತ್ತಿ, “ನಿಜಾನೇ ಏಳ್ತಾವ್ನೆ” ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು. ಅಂಜಿನಪ್ಪನವರ ಕಣ್ಣು ತುಂಬಿತು. ಎಣ್ಣೆಯ ಕೈಯಲ್ಲೇ ಒರೆಸಿಕೊಂಡು, ಅದು ಉರಿದು, ಮತ್ತಷ್ಟು ತುಂಬಿತು.

ಪಿಳ್ಳಮ್ಮ ಆಮೇಲೆ ಅವರ ಕಡೆ ನೋಡಲಿಲ್ಲ. ಟ್ರೇಯನ್ನು ತನ್ನ ಕಡೆಗೆ ಎಳೆದುಕೊಂಡು ಒಂದೊಂದೇ ತೂರಿಸುತ್ತ ಹೋದಳು. ಭಾಷಣ ಆಯಿತು, ಫೋಟೋ ಆಯಿತು, ತಂದೆ ತಾಯಿಗಳಿಗೆ ಖಾರಾಬಾತ್ ಕೊಟ್ಟರು. ಅದನ್ನು ಬೆಂಚಿಗೇ ತಂದಿಡು ಎಂದಳು. ಕೊನೆಗೆ ಶೆಡ್ಡು ಖಾಲಿಯಾಗಿ, ಮುಂದಿನ ಶಿಫ್ಟಿನವರು ಬಂದು ಸ್ಟೂಲಿಗಾಗಿ ಕಾಯತೊಡಗಿದರು.

ದಿವ್ಯಾ ಮೇಡಂ ಬಂದು ಬಗ್ಗಿ, “ಅಜ್ಜಿ, ಟೈಮಾಯ್ತು, ಏಳಿ” ಎಂದರು.

“ಏಳ್ತೀನಿ ಕಣವ್ವ” ಎಂದಳು ಪಿಳ್ಳಮ್ಮ, ಕೈಯಲ್ಲಿದ್ದ ಬಿಲ್ಲೆಯಿಂದ ಕಣ್ಣು ಕೀಳದೆ. “ಮುಂದಿನ್ ಬ್ಯಾಚು ಯಾವಾಗ ಸುರುವಾಯ್ತದೆ?”